ಕೇಳಿದವರ ಋಣ

ಪತ್ರಿಕೆ ಮತ್ತು ವಾಹಿನಿಗಳ ಪ್ರಶ್ನೋತ್ತರಕ್ಕೆ ಕನ್ನಡದಲ್ಲಿ ಇಂದು ಬಳಕೆಯಾಗುತ್ತಿರುವ ‘ಸಂದರ್ಶನ’ ಎಂಬ ಪದದೊಳಗೆ ಪ್ರಶ್ನೆ ಎಂಬ ಅರ್ಥವೇ ಇಲ್ಲ. ಚೆನ್ನಾಗಿ ಕಾಣುವುದು, ಎದುರಿಗೆ ಹೋಗಿ ಕಾಣುವುದು ಎಂಬುದಷ್ಟೇ ಅದರ ಮೂಲಾರ್ಥವಾಗಿದ್ದು, ದೇವರ ‘ದರ್ಶನ’ವೂ ಹಿರಿಯರ ‘ಸಂದರ್ಶನ’ವೂ ಒಂದೇ ಬೇರಿನಿಂದ ಹುಟ್ಟಿದ ಮಾತುಗಳು. ಕಾಣಲು ಹೋದವರು ಎಷ್ಟು ಹೊತ್ತು ನಿಲ್ಲಬೇಕು, ಎಷ್ಟು ಹತ್ತಿರ ಹೋಗಬೇಕು ಎಂಬುದು ಕಾಣಿಸಿಕೊಳ್ಳುವವರ ಇಷ್ಟಕ್ಕೆ ಸೇರಿದ್ದೆಂಬ ತಿಳಿವಳಿಕೆ ಆ ಪದದ ಜೊತೆಯಲ್ಲಿಯೇ ಬಂದಿತ್ತು. ಹೆಸರಾಂತ ನಟರೋ ಆಟಗಾರರೋ ಮನೆಯೊಳಗಿನ ಸಂಗತಿಯ ಪ್ರಶ್ನೆ ಬಂದೊಡನೆ ಅಂಗಿಗೆ ಸಿಕ್ಕಿಸಿದ ಮೈಕನ್ನು ಕಿತ್ತಿಟ್ಟು ಎದ್ದುಹೋದಾಗ, ನೋಡಿದವರ ಬಾಯಲ್ಲಿ ಮೊದಲು ಬರುವ ಮಾತು ‘ಎಷ್ಟು ಸೊಕ್ಕು’ ಎಂಬುದು. ಅವಸರದ ಈ ತೀರ್ಪು ಎದ್ದವರನ್ನು ಮಾತ್ರ ನೋಡುತ್ತದೆಯೇ ಹೊರತು, ಕೇಳಿದವರು ಕೇಳುವ ಅಧಿಕಾರವನ್ನು ಎಲ್ಲಿಂದ ಪಡೆದರು ಎಂಬುದರ ಕಡೆ ಕಣ್ಣು ಹಾಯಿಸುವುದಿಲ್ಲ.

ಸ್ವಂತ ಬದುಕಿನ ಬಗ್ಗೆ ಕೇಳುವುದೇ ತಪ್ಪೆಂದು ಬಯಲುಸೀಮೆಯ ಯಾವ ಊರೂ ಭಾವಿಸಿಲ್ಲ. ಚಳ್ಳಕೆರೆ ತಾಲ್ಲೂಕಿನಲ್ಲಿ, ತಳಕಿಗೆ ಸಮೀಪದಲ್ಲಿ, ಆಂಧ್ರದ ಗಡಿಗೆ ಹತ್ತಿರವಾಗಿರುವ ಗೌರಸಮುದ್ರದಂಥ ಊರಿನ ಕಟ್ಟೆಯ ಮೇಲೆ ಹೊಸಬರೊಬ್ಬರು ಬಂದು ಕೂತರೆ, ಯಾವ ಊರು, ಯಾರ ಪೈಕಿ, ಮದುವೆಯಾಯಿತೇ, ಮಕ್ಕಳೆಷ್ಟು, ಹೊಲ ಎಷ್ಟೆಕರೆ, ಬೋರಿನಲ್ಲಿ ಎಷ್ಟಿಂಚು ನೀರು ಎಂಬ ಪ್ರಶ್ನೆಗಳು ನೀರಿನ ಚೊಂಬು ಕೈಗೆ ಬರುವ ಮೊದಲೇ ಬಂದುಬಿಡುತ್ತವೆ. ನಗರದ ಯಾವ ವಾಹಿನಿಯ ನಿರೂಪಕರೂ ಮೊದಲ ಐದು ನಿಮಿಷದಲ್ಲಿ ಇಷ್ಟು ದೂರ ಹೋಗುವ ಧೈರ್ಯ ಮಾಡಲಾರರು. ಈ ಸೀಮೆಯ ಮ್ಯಾಸಬೇಡರಲ್ಲಿ ಮತ್ತು ಕಾಡುಗೊಲ್ಲರಲ್ಲಿ ಇವೆಲ್ಲಕ್ಕಿಂತ ಆಳದ ಪ್ರಶ್ನೆಯೊಂದಿದೆ, ಅದು ಬೆಡಗಿನದು. ಬೆಡಗು ಎಂದರೆ ಒಂದೇ ಮೂಲದಿಂದ ಬಂದವರೆಂದು ನಂಬಿರುವ ಕುಲದ ಒಳಶಾಖೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರಾದ್ದರಿಂದ ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ, ಬೇರೆ ಬೆಡಗಿನವರಾದರೆ ನಂಟಸ್ತನಕ್ಕೆ ದಾರಿಯುಂಟು. ಬೆಡಗು ಯಾವುದೆಂದು ಕೇಳಿದವರು ತಮ್ಮ ಬೆಡಗನ್ನೂ ಹೇಳಲೇಬೇಕು, ಏಕೆಂದರೆ ಎರಡು ಬೆಡಗುಗಳು ಎದುರುಬದುರಾಗದೆ ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ; ಹೇಳಿದ ಮರುಗಳಿಗೆಗೆ ಇಬ್ಬರೂ ಮಾವ ಅಳಿಯನೋ ಅಣ್ಣ ತಮ್ಮನೋ ಆಗಿ, ಬಂದವರನ್ನು ಉಣ್ಣಿಸದೆ ಕಳಿಸುವ ಹಾಗಿಲ್ಲ ಎಂಬ ಹೊರೆ ಕೇಳಿದವರ ಮೇಲೆ ಬೀಳುತ್ತದೆ. ಮಗಳ ಕಾಯಿಲೆಯ ಬಗ್ಗೆ ಕೇಳಿ ತಿಳಿದವರು ನಾಳೆ ಅವಳನ್ನು ನೋಡಲು ಹೋಗದಿದ್ದರೆ ಅದನ್ನು ಊರು ನೆನಪಿಟ್ಟುಕೊಳ್ಳುತ್ತದೆ. ಇಲ್ಲಿ ಪ್ರಶ್ನೆಯೆಂಬುದು ಕೇಳುವವರು ಮಾಡಿಕೊಳ್ಳುವ ಸಾಲ, ಉತ್ತರ ಬಂದ ಮೇಲೆ ತೀರಿಸಬೇಕಾದದ್ದು.

ಕಾಡುಗೊಲ್ಲರ ‘ಕಟ್ಟೆಮನೆ’, ಅಂದರೆ ಕುಲದ ಹಿರಿಯರು ಕೂಡಿ ವ್ಯಾಜ್ಯ ತೀರ್ಮಾನಿಸುವ ನ್ಯಾಯಪೀಠ, ಇದಕ್ಕಿಂತ ಕಠಿಣವಾದ ಜಾಗ. ಗಂಡಹೆಂಡಿರ ಜಗಳ ಅಲ್ಲಿಗೆ ಹೋದಾಗ ಮಲಗುವ ಕೋಣೆಯ ಮಾತೂ ಎಲ್ಲರೆದುರು ಬರುತ್ತಿತ್ತು, ಆ ಮಾತಿನ ಪೆಟ್ಟು ಹೆಚ್ಚಾಗಿ ಹೆಂಗಸಿನ ಮೇಲೆಯೇ ಬೀಳುತ್ತಿತ್ತು ಎಂಬುದನ್ನು ಮುಚ್ಚಿಟ್ಟು ಹಳೆಯ ವ್ಯವಸ್ಥೆಯನ್ನು ಹೊಗಳುವುದು ಸಲ್ಲದು. ಆದರೂ ಕೇಳಿದ ಹಿರಿಯ ಅದೇ ಹಟ್ಟಿಯಲ್ಲಿ ಬಾಳಬೇಕಾದವನು, ತನ್ನ ಮನೆಯ ಜಗಳಕ್ಕೂ ಒಂದು ದಿನ ಅದೇ ಕಟ್ಟೆಯ ಮುಂದೆ ನಿಲ್ಲಬೇಕಾದವನು ಎಂಬ ಅಂಕೆಯಾದರೂ ಅಲ್ಲಿತ್ತು.

ದೂರದರ್ಶನದ ಸಂದರ್ಶನದಲ್ಲಿ ಕಳಚಿಹೋಗಿರುವುದು ಈ ಅಂಕೆ. ಚಿತ್ರವೊಂದರ ಬಿಡುಗಡೆಗೆ ಮುಂಚೆ ನಟರನ್ನು ಹೋಟೆಲಿನ ಕೋಣೆಯಲ್ಲಿ ಕೂರಿಸಿ, ಒಬ್ಬರಾದ ಮೇಲೊಬ್ಬರಂತೆ ವರದಿಗಾರರನ್ನು ಒಳಗೆ ಬಿಡುವ ಪದ್ಧತಿ ಇಂದು ಎಲ್ಲ ಚಿತ್ರರಂಗಗಳಲ್ಲೂ ಇದೆ. ನಟರಿಗೆ ಪ್ರಚಾರ ಬೇಕು, ವಾಹಿನಿಗೆ ಬೇರೆಯವರ ಬಳಿ ಇಲ್ಲದ ಅರ್ಧ ನಿಮಿಷ ಬೇಕು. ಆ ಅರ್ಧ ನಿಮಿಷಕ್ಕೆ ಉತ್ತರವೇ ಆಗಬೇಕೆಂದಿಲ್ಲ, ಮುಖ ಕಪ್ಪಿಟ್ಟರೂ ಗಂಟಲು ಕಟ್ಟಿದರೂ ಎದ್ದುಹೋದರೂ ಸಾಕು. 2015ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಚಾನೆಲ್ 4ಕ್ಕಾಗಿ ಕೃಷ್ಣನ್ ಗುರುಮೂರ್ತಿ ನಡೆಸಿದ ಸಂದರ್ಶನದಲ್ಲಿ, ಹೊಸ ಚಿತ್ರದ ಪ್ರಚಾರಕ್ಕೆಂದು ಕೂತಿದ್ದ ರಾಬರ್ಟ್ ಡೌನಿ ಜೂನಿಯರ್ ಅವರನ್ನು ಅವರ ಹಳೆಯ ಮಾದಕ ವ್ಯಸನದ ದಿನಗಳತ್ತ, ತಂದೆಯೊಂದಿಗಿನ ಸಂಬಂಧದತ್ತ ಎಳೆದಾಗ ಅವರು ನಡುವೆಯೇ ಎದ್ದು ಹೊರನಡೆದರು, ಆ ಎದ್ದುಹೋದ ತುಣುಕನ್ನೇ ಲೋಕವೆಲ್ಲ ನೋಡಿತು. ಮರುವರ್ಷ ಜುಲೈನಲ್ಲಿ ಆತ್ಮಕಥೆಯ ಬಿಡುಗಡೆಯ ಹೊತ್ತಿಗೆ, ಟೆನಿಸ್ ಜೋಡಿಯಾಟದಲ್ಲಿ ಜಗತ್ತಿನ ಮೊದಲ ಸ್ಥಾನದಲ್ಲಿದ್ದ ಸಾನಿಯಾ ಮಿರ್ಜಾ ಅವರನ್ನು, ಬದುಕಿನಲ್ಲಿ ನೆಲೆಗೊಳ್ಳುವುದು ಯಾವಾಗ, ತಾಯ್ತನ ಯಾವಾಗ ಎಂದು ರಾಜ್‌ದೀಪ್ ಸರ್‌ದೇಸಾಯಿ ಕೇಳಿದರು. ಸಾನಿಯಾ ಏಳಲಿಲ್ಲ, ಇಷ್ಟೆಲ್ಲ ಗೆದ್ದ ಮೇಲೂ ಹೆಣ್ಣನ್ನು ಕೇಳುವುದು ಇದನ್ನೇ ಎಂಬ ಬೇಸರವನ್ನು ಕೂತಲ್ಲೇ ತಿಳಿಸಿದರು, ಕೇಳಿದವರು ಅಲ್ಲಿಯೇ ಕ್ಷಮೆ ಕೇಳಿದರು. ಕಟ್ಟೆಯ ಮೇಲಿನ ಅಜ್ಜಿಯೂ ಕೇಳುವುದು ಅದೇ ಪ್ರಶ್ನೆಯನ್ನೇ, ಆದರೆ ಮಗು ಹುಟ್ಟಿದರೆ ಬಾಣಂತಿಗೆ ನೀರೆರೆಯಲು ಆ ಅಜ್ಜಿ ಬರುತ್ತಾಳೆ.

ಕನ್ನಡದ ವಾಹಿನಿಗಳಲ್ಲಿ ನಡೆದ ಇಂಥ ಪ್ರಸಂಗಗಳಲ್ಲಿ ಹೆಚ್ಚು ಯೋಚನೆಗೆ ಹಚ್ಚುವುದು ಪ್ರಕಾಶ್ ರೈ ಅವರದು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿನ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶ ಬಂದು ಬೆಂಗಳೂರಿನಲ್ಲಿ ಬಸ್ಸುಗಳು ಸುಟ್ಟಿದ್ದವು; ಆ ಬಿಸಿ ಆರುವ ಮೊದಲೇ, ಅವರು ನಿರ್ದೇಶಿಸಿ ನಟಿಸಿದ್ದ, ಕನ್ನಡ ಮತ್ತು ತೆಲುಗು ಎರಡರಲ್ಲೂ ತಯಾರಾದ ‘ಇದೊಳ್ಳೆ ರಾಮಾಯಣ’ದ ಬಿಡುಗಡೆ ಹತ್ತಿರವಾಗಿತ್ತು. ಚಿತ್ರದ ಬಗ್ಗೆ ಮಾತನಾಡಲು ಕೂತವರನ್ನು ಕಾವೇರಿಯ ಬಗ್ಗೆ ಏನೆನ್ನುತ್ತೀರಿ ಎಂದು ಕೇಳಿದಾಗ, ವಿವಾದ ಎಬ್ಬಿಸಲು ಕರೆದಿರೇ ಎಂಬ ಸಿಟ್ಟಿನಲ್ಲಿ ಅವರು ಸಂದರ್ಶನವನ್ನು ಅಲ್ಲಿಗೇ ಬಿಟ್ಟು ಎದ್ದರು. ನದಿಯ ನೀರು ಯಾರ ಖಾಸಗಿ ಸಂಗತಿಯೂ ಅಲ್ಲ ಎಂದು ಮೇಲುನೋಟಕ್ಕೆ ಹೇಳಬಹುದು. ಆದರೆ ಕನ್ನಡ, ತಮಿಳು, ತೆಲುಗುಗಳಲ್ಲಿ ಬದುಕು ಕಟ್ಟಿಕೊಂಡ ನಟರೊಬ್ಬರಿಗೆ ಆ ವಾರದಲ್ಲಿ ಆ ಪ್ರಶ್ನೆ ನೀರಿನ ಹಂಚಿಕೆಯ ಪ್ರಶ್ನೆಯಾಗಿರಲಿಲ್ಲ. ನೀವು ಯಾರ ಪೈಕಿ ಎಂಬ ಪ್ರಶ್ನೆಯಾಗಿತ್ತು. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡಿಕೊಂಡು, ಗಡಿಯಾಚೆಯ ರಾಯದುರ್ಗದ ಕಡೆಗೂ ಈಚೆಯ ಮೊಳಕಾಲ್ಮೂರಿನ ಕಡೆಗೂ ಹೆಣ್ಣು ಕೊಟ್ಟು ತಂದು ಬಾಳುವ ಗೌರಸಮುದ್ರದ ಸುತ್ತಿನ ಜನಕ್ಕೆ ಈ ಪ್ರಶ್ನೆಯ ಮುಳ್ಳು ಎಲ್ಲಿ ಚುಚ್ಚುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆ ನಟ ಬಾಯಿಗೆ ಅಂಜಿ ಎದ್ದವರೂ ಅಲ್ಲ. ಮರುವರ್ಷದ ಸೆಪ್ಟೆಂಬರ್ 5ರಂದು ಗೆಳತಿ ಗೌರಿ ಲಂಕೇಶ್ ಅವರ ಕೊಲೆಯಾದ ಮೇಲೆ ಅವರು ರಾಜಕೀಯದ ಮಾತನ್ನು ನಿಷ್ಠುರವಾಗಿ ಆಡುತ್ತ ಬಂದರು, 2019ರಲ್ಲಿ ಬೆಂಗಳೂರು ಕೇಂದ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ನಿಂತು ಸೋತರು. ಮಾತಾಡುವ ಗಳಿಗೆಯನ್ನು ತಾನೇ ಆರಿಸಿಕೊಳ್ಳುವುದಕ್ಕೂ ಮಾತಿನಿಂದ ತಪ್ಪಿಸಿಕೊಳ್ಳುವುದಕ್ಕೂ ಇರುವ ಅಂತರ ಈ ಮೂರು ವರ್ಷಗಳಲ್ಲಿ ಕಾಣುತ್ತದೆ.

ಹಾಗೆಂದು ಎದ್ದುಹೋದವರೆಲ್ಲರೂ ಒಂದೇ ತೂಕದವರಲ್ಲ. 2007ರಲ್ಲಿ ಗುಜರಾತಿನ ಮುಖ್ಯಮಂತ್ರಿಯಾಗಿದ್ದ ನರೇಂದ್ರ ಮೋದಿಯವರು ಕರಣ್ ಥಾಪರ್ ಅವರ ಸಂದರ್ಶನದಿಂದ ಕೆಲವೇ ನಿಮಿಷಗಳಲ್ಲಿ ಎದ್ದದ್ದು 2002ರ ಹಿಂಸಾಚಾರದ ಕುರಿತ ಪ್ರಶ್ನೆಗಳಿಗೆ. ಅವು ಅಧಿಕಾರದಲ್ಲಿರುವವರನ್ನು ಜನ ಕೇಳಲೇಬೇಕಾದ ಪ್ರಶ್ನೆಗಳು, ಅವುಗಳನ್ನು ಖಾಸಗಿ ಬದುಕಿನ ಬೇಲಿಯೊಳಗೆ ಎಳೆದುಕೊಳ್ಳಲು ಬರುವುದಿಲ್ಲ. ಈ ಗೆರೆಯನ್ನು ಸುಪ್ರೀಂ ಕೋರ್ಟು 1994ರಲ್ಲಿ ರಾಜಗೋಪಾಲ್ ಪ್ರಕರಣದಲ್ಲಿ ಸಾಕಷ್ಟು ಸ್ಪಷ್ಟವಾಗಿಯೇ ಎಳೆದಿದೆ: ಮನೆತನ, ಮದುವೆ, ತಾಯ್ತನ, ಹೆರಿಗೆ ಇವುಗಳ ವಿವರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸಲು ಯಾರಿಗೂ ಹಕ್ಕಿಲ್ಲ, ಆದರೆ ಸರ್ಕಾರಿ ಹುದ್ದೆಯಲ್ಲಿರುವವರು ಹುದ್ದೆಯ ಕೆಲಸದ ಬಗ್ಗೆ ಈ ರಕ್ಷಣೆ ಬೇಡುವಂತಿಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಎದುರಾಎದುರು ಕೂತು ಕೇಳುವ ಬಾಯನ್ನು ಮಾತ್ರ ಯಾವ ತೀರ್ಪೂ ಮುಚ್ಚಿಸಲಾರದು, ಅಲ್ಲಿ ಉಳಿಯುವುದು ಕುರ್ಚಿಯಿಂದ ಏಳುವ ಸ್ವಾತಂತ್ರ್ಯವೊಂದೇ.

ಎದ್ದುಹೋಗಲು ಆಗದವರ ಚಿಂತೆ ಇದಕ್ಕಿಂತ ದೊಡ್ಡದು. ನಟನಿಗೆ ಬಾಗಿಲ ಹೊರಗೆ ಕಾರು ಕಾದಿರುತ್ತದೆ. ಗೊಲ್ಲರಹಟ್ಟಿಯಲ್ಲಿ ಮುಟ್ಟಾಗಿ ಹಟ್ಟಿಯ ಹೊರಗಿನ ಗುಡಿಸಲಲ್ಲಿ ಕೂತ ಹುಡುಗಿಗೆ, ಎಳೆಮಗುವನ್ನು ಮಡಿಲಲ್ಲಿಟ್ಟುಕೊಂಡು ಊರಾಚೆ ಇರುವ ಬಾಣಂತಿಗೆ, ಕ್ಯಾಮೆರಾ ಬಂದಾಗ ಎದ್ದು ಹೋಗುವುದಕ್ಕೆ ಜಾಗವೇ ಇರುವುದಿಲ್ಲ. ಆ ಸಂಪ್ರದಾಯ ಕ್ರೂರವಾದದ್ದು, ಅದರ ಬಗ್ಗೆ ಕೇಳಲೇಬೇಕು, ಅದು ನಿಲ್ಲಲೇಬೇಕು; ಆದರೆ ಹಟ್ಟಿಯ ಯಜಮಾನರನ್ನು, ತಹಶೀಲ್ದಾರರನ್ನು ಕೇಳಬೇಕಾದದ್ದನ್ನು ಆ ಹುಡುಗಿಯ ಮುಖಕ್ಕೆ ಮೈಕು ಹಿಡಿದು, ನಿಮಗೆ ಏನನ್ನಿಸುತ್ತಿದೆ ಎಂದು ಕೇಳಿ ಹೋದವರು ಮತ್ತೆ ಆ ಗುಡಿಸಲ ಕಡೆ ಬರುವುದು ಕಡಿಮೆ. ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನೂ ಹೊರಗಿನವರು ಕೇಳಲು ಬಂದರು. ಅಕ್ಷರ ತಿಳಿಯದ ಆ ಕಾಡುಗೊಲ್ಲ ಹೆಣ್ಣಿನ ನಾಲಿಗೆಯ ಮೇಲೆ ಸಾವಿರಾರು ಸಾಲುಗಳ ಹಾಡಿತ್ತು. ಕೃಷ್ಣಮೂರ್ತಿ ಹನೂರರು ಆ ಹಾಡುಗಳನ್ನು ಸಂಗ್ರಹಿಸಿ ಕನ್ನಡಕ್ಕೆ ಕೊಟ್ಟರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವವನ್ನಿತ್ತಿತು. ಅಲ್ಲಿ ಕೇಳಿದ್ದು ಹಾಡನ್ನು, ಅಂದರೆ ಆಕೆ ಕೊಡಲು ಇಷ್ಟಪಟ್ಟದ್ದನ್ನು; ಮನೆಯ ನೋವು ಹಾಡಿನೊಳಗೆ ಎಷ್ಟು ಬರಬೇಕೆಂಬುದು ಆಕೆಯ ಕೈಯಲ್ಲಿಯೇ ಇತ್ತು.

ಭಾದ್ರಪದದಲ್ಲಿ ಗೌರಸಮುದ್ರದ ಮಾರಮ್ಮನ ಜಾತ್ರೆ ನಡೆಯುವಾಗ, ದೇವಿ ಊರಿನ ಗುಡಿಯಿಂದ ಬಯಲಿಗೆ ಬಂದು ಸ್ವಲ್ಪ ಹೊತ್ತು ಕಾಣಿಸಿಕೊಂಡು ಗುಡಿಗೆ ಮರಳುತ್ತಾಳೆ, ಅಷ್ಟು ಹೊತ್ತಿನ ದರ್ಶನಕ್ಕೆ ಎರಡೂ ರಾಜ್ಯಗಳ ಜನ ಬಂದು ಸೇರುತ್ತಾರೆ. ಬೆಳೆದ ಈರುಳ್ಳಿಯನ್ನು ಮಡಿಲಲ್ಲಿ ತಂದ ರೈತಾಪಿ ಹೆಂಗಸರು ಅದನ್ನು ದೇವಿಯತ್ತ ತೂರಿ ಹರಕೆ ತೀರಿಸುತ್ತಾರೆ. ಏನು ಹರಕೆ ಎಂದು ಮೈಕು ಚಾಚಿದವರಿಗೆ, ಅದು ಅಮ್ಮನಿಗೆ ಗೊತ್ತೆಂದು ಅವರಲ್ಲಿ ಹಲವರು ಹೇಳುತ್ತಾರೆ. ಹೇಳಿ, ಬರಿದಾದ ಸೆರಗನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಜನದ ನಡುವೆ ಸೇರಿಹೋಗುತ್ತಾರೆ.