ಕವಾಟದ ಬುಡದಲ್ಲಿ ಹೆಪ್ಪು

ಕಾರವಾರದಿಂದ ನಸುಕಿನಲ್ಲೇ ಹೊರಟವರು ನೀವು. ಪೋಳೆಂ ಚೆಕ್‌ಪೋಸ್ಟ್, ಕಾಣಕೋಣ, ಮಡಗಾಂವ್ ದಾಟಿ, ಜುವಾರಿಯ ಹೊಸ ಸೇತುವೆ ಹತ್ತಿಳಿದು ಗೋವಾದ ಬಾಂಬೋಳಿಯ ಆಸ್ಪತ್ರೆ ಮುಟ್ಟುವಾಗ ಬಿಸಿಲು ಚುರುಗುಟ್ಟುತ್ತಿದೆ. ದೊಡ್ಡ ಕಾಯಿಲೆ ಬಂದಾಗ ಕಾರವಾರದವರು ಹಿಡಿಯುವ ದಾರಿಯೇ ಇದು.

ಅಮ್ಮನಿಗೆ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ತೂರಿಸಿ ಹೃದಯಕ್ಕೆ ಹೊಸ ಕವಾಟ ಕೂರಿಸಿ ಕೆಲವು ತಿಂಗಳಾಗಿವೆ. ಟಾವಿ ಎನ್ನುತ್ತಾರೆ, 2002ರಲ್ಲಿ ಫ್ರಾನ್ಸಿನಲ್ಲಿ ಅಲೇನ್ ಕ್ರಿಬಿಯೆ ಮೊದಲು ಮಾಡಿದ ಚಿಕಿತ್ಸೆ. ಅಮ್ಮನಿಗೆ ಏದುಸಿರಿಲ್ಲ, ನೋವಿಲ್ಲ. ಆದರೂ ಎಕೋದಲ್ಲಿ ಕವಾಟದ ಎರಡು ಬದಿಯ ಒತ್ತಡದ ಅಂತರ 9 ಮಿ.ಮೀ. ಪಾದರಸ ಇದ್ದದ್ದು 23 ಆಗಿದೆ. ಏನೂ ಆಗಿಲ್ಲ ಅಂದುಕೊಂಡಾಗಲೇ ಅಂತರ ಹೀಗೆ ಏರಿರುತ್ತದೆ. ನಿಮಗೆ ಹೆಚ್ಚು ದಿಗಿಲು ಅದಕ್ಕೇ.

ಗಾಜಿನ ಆಚೆ, ಸಿಟಿ ಮೇಜಿನ ಮೇಲೆ ಅಮ್ಮ. ನಾಡಿ ನಿಧಾನವಾಗಲೆಂದು ಮಾತ್ರೆ ಕೊಟ್ಟಿದ್ದಾರೆ. ಡೈ ಏರಿದಾಗ ಮೈ ಬಿಸಿಯಾಗುತ್ತದೆ, ಹೆದರಬೇಡಿ ಎಂದು ಮೊದಲೇ ಹೇಳಿದ್ದಾರೆ. ಉಸಿರು ಬಿಗಿಹಿಡಿಯಿರಿ ಎಂದು ಮೈಕಿನಲ್ಲಿ ಕೊಂಕಣಿಯ ದನಿ.

ಪರದೆಯ ಮೇಲೆ ಲೋಹದ ಜಾಲರಿ. ಒಳಗೆ ಹಸುವಿನ ಹೃದಯದ ಹೊರಪೊರೆಯಿಂದ ಹೊಲಿದ ಮೂರು ದಳ. ಎರಡು ಸಲೀಸಾಗಿ ತೆರೆದು ಮುಚ್ಚುತ್ತವೆ. ಮೂರನೆಯದರ ಬುಡ ದಪ್ಪ, ಕಪ್ಪು, ತುದಿಯಷ್ಟೇ ಅಲುಗುತ್ತದೆ. "ರಕ್ತ ಹೆಪ್ಪುಗಟ್ಟಿದೆ," ಎನ್ನುತ್ತಾರೆ ವೈದ್ಯರು.

ಅಲ್ಲೇ ಯಾಕೆ? ಟಾವಿಯಲ್ಲಿ ಹಳೆಯ ಕವಾಟವನ್ನು ಕತ್ತರಿಸಿ ತೆಗೆಯುವುದಿಲ್ಲ, ಗೋಡೆಗೆ ಒತ್ತಿ ಹೊಸದು ನಿಲ್ಲುತ್ತದೆ. ಹಳೆಯದಕ್ಕೂ ಹೊಸ ದಳಕ್ಕೂ ನಡುವೆ ಉಳಿದ ಸಂದಿನಲ್ಲಿ ರಕ್ತ ಹೊಳೆಯ ಮಡುವಿನ ನೀರಿನ ಹಾಗೆ ಸುತ್ತಿ ನಿಲ್ಲುತ್ತದೆ. 2015ರಲ್ಲಿ ರಾಜ್ ಮಕ್ಕರ್ ತಂಡ ಒಂದು ಅಧ್ಯಯನದ 55 ಮಂದಿಯ ಸಿಟಿ ನೋಡಿದಾಗ 22 ಮಂದಿಯಲ್ಲಿ ದಳದ ಚಲನೆ ಕುಗ್ಗಿತ್ತು. ಮರಳಿ ಸಿಟಿ ಮಾಡಿಸಿದವರ ಪೈಕಿ, ಹೆಪ್ಪು ತಡೆಯುವ ಮದ್ದು ಪಡೆದ ಎಲ್ಲ 11 ಮಂದಿಯ ದಳಗಳು ಸರಿಹೋಗಿದ್ದವು. ಪಡೆಯದ 10 ಮಂದಿಯಲ್ಲಿ ಒಬ್ಬರದು ಮಾತ್ರ.

"ಹಾಗಿದ್ದರೆ ಎಲ್ಲರಿಗೂ ಮೊದಲೇ ಕೊಡಬಾರದಿತ್ತೇ?" ನಿಮ್ಮ ದನಿ ತುಸು ಏರುತ್ತದೆ. ಕೊಟ್ಟು ನೋಡಿದ್ದಾರೆ. ಹೆಪ್ಪು ತಡೆಯುವ ರಿವರಾಕ್ಸಬಾನ್ ಮದ್ದಿನ ಪ್ರಯೋಗದಲ್ಲಿ ರಕ್ತಸ್ರಾವವೂ ಸಾವೂ ಹೆಚ್ಚಾಗಿ, ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹಾಗಾಗಿ ಹೆಪ್ಪು ಕಂಡವರಿಗಷ್ಟೇ, ಅಳೆದು ತೂಗಿ.

ಅಮ್ಮನಿಗೆ ಹೆಪ್ಪು ತಡೆಯುವ ವಾರ್ಫರಿನ್ ಬರೆಯುತ್ತಾರೆ. ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ 2ರಿಂದ 3ರ ಒಳಗಿರಬೇಕು.

"ಹರಿವೆ ಸೊಪ್ಪು ಬಿಡಬೇಕಾ?" ಅಮ್ಮ ಕೇಳುತ್ತಾರೆ.

"ಬಿಡಬೇಡಿ. ಒಂದು ವಾರ ದಿನಾ ತಿಂದು ಇನ್ನೊಂದು ವಾರ ಮುಟ್ಟದೆ ಇರಬೇಡಿ, ಅಷ್ಟೇ; ಮದ್ದಿನ ಬಲ ಏರುಪೇರಾಗುತ್ತದೆ. ಮೂರು ದಿನಕ್ಕೆ ಕಾರವಾರದಲ್ಲೇ ರಕ್ತ ಪರೀಕ್ಷೆ ಮಾಡಿಸಿ ನನಗೆ ಫೋನ್ ಮಾಡಿ."