ಲಿಮಾದ ತಪಾದಾಗಳು ಮತ್ತು ಅಮ್ಮಿಯ ಬುರ್ಖಾ

ಕಳೆದ ತಿಂಗಳು ಪರೀಕ್ಷಾ ಶುಲ್ಕ ಕಟ್ಟಲು ಬುರ್ಖಾ ಹಾಕಿಕೊಂಡು ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನಲ್ಲಿದ್ದವರು ನನ್ನನ್ನು ಕೇಳದೆ ಪಕ್ಕದಲ್ಲಿದ್ದವರಿಗೆ, "ಇವರಿಗೆ ಕನ್ನಡ ಬರಲ್ಲ, ಚಲನ್ ಬರೆದುಕೊಡಿ" ಎಂದರು. ನಾನು ಮಾತಾಡಲಿಲ್ಲ. ಚಲನ್ ತೆಗೆದುಕೊಂಡು ಕನ್ನಡದಲ್ಲೇ ತುಂಬಿ ಕೊಟ್ಟೆ. ಆದರೂ ಮನೆಗೆ ಬರುವಷ್ಟರಲ್ಲಿ ಅಳು ಬಂದಿತ್ತು.

ಅದೇ ವಾರ ಇತಿಹಾಸದ ಅಸೈನ್‌ಮೆಂಟಿಗಾಗಿ ಹುಡುಕುವಾಗ ಪೆರುವಿನ ಲಿಮಾ ನಗರದ ಹಳೆಯ ಚಿತ್ರವೊಂದು ಸಿಕ್ಕಿತು. ಸ್ಪೇನ್ ಆಳುತ್ತಿದ್ದ ಕಾಲದಲ್ಲಿ ಅಲ್ಲಿನ ಹೆಂಗಸರು ಸಾಯಾ ಎಂಬ ಲಂಗ ಉಟ್ಟು, ಮಾಂತೊ ಎಂಬ ಹೊದಿಕೆಯನ್ನು ಸೊಂಟದಿಂದ ತಲೆಯ ಮೇಲೆ ಎಳೆದು ಮುಖ ಮುಚ್ಚುತ್ತಿದ್ದರು. ಹೊರಗೆ ಕಾಣುತ್ತಿದ್ದುದು ಒಂದೇ ಕಣ್ಣು! ಅವರಿಗೆ ತಪಾದಾ, ಅಂದರೆ ಮುಚ್ಚಿಕೊಂಡವಳು ಎಂದು ಹೆಸರು.

ಅವರು ಕ್ರೈಸ್ತರು. ನಮ್ಮ ಪರ್ದಾದಂತೆ ಅದು ಧರ್ಮಕ್ಕಾಗಿ ಹಾಕಿದ್ದಲ್ಲ. ಹಾಗೆ ಮುಚ್ಚಿಕೊಂಡರೆ ಯಾರ ಹೆಂಡತಿ, ಯಾರ ಮಗಳು ಎಂದು ತಿಳಿಯುತ್ತಿರಲಿಲ್ಲ. ಗಂಡನಿಗೂ ಗುರುತು ಸಿಗುತ್ತಿರಲಿಲ್ಲವಂತೆ. ಆದ್ದರಿಂದ ಒಬ್ಬರೇ ಬೀದಿಯಲ್ಲಿ ಧೈರ್ಯವಾಗಿ ತಿರುಗಾಡುತ್ತಿದ್ದರು. ಅಧಿಕಾರಿಗಳಿಗೆ ಸಿಟ್ಟು ಬಂದದ್ದೂ ಇದಕ್ಕೇ. ಸ್ಪೇನಿನ ದೊರೆಗಳು 1590ರಲ್ಲಿ, ಮತ್ತೆ 1639ರಲ್ಲಿ ಮುಖ ಮುಚ್ಚುವುದನ್ನು ನಿಷೇಧಿಸಿದರು. ಲಿಮಾದ ವೈಸರಾಯ್‌ಗಳೂ ಆಜ್ಞೆ ಹೊರಡಿಸಿದರು. ಹೆಂಗಸರು ಕೇಳಲಿಲ್ಲ. ಪೆರು ಸ್ವತಂತ್ರವಾದ ಮೇಲೆ, 1834ರಲ್ಲಿ, ಲಿಮಾಕ್ಕೆ ಬಂದ ಫ್ರೆಂಚ್ ಲೇಖಕಿ ಫ್ಲೋರಾ ತ್ರಿಸ್ತಾನ್ ಈ ಉಡುಪಿನಲ್ಲಿ ಅವರಿಗಿದ್ದ ಸ್ವಾತಂತ್ರ್ಯ ಕಂಡು ಬೆರಗಾಗಿ ಬರೆದಿದ್ದಾರೆ. ಕಡೆಗೆ 19ನೇ ಶತಮಾನದ ಮಧ್ಯದಲ್ಲಿ ಫ್ರೆಂಚ್ ಫ್ಯಾಷನ್ ಬಂದು ಮಾಂತೊ ಮರೆಯಾಯಿತು. ಕಾನೂನಿನಿಂದ ಆಗದ್ದು ಮಾರುಕಟ್ಟೆಯಿಂದ ಆಯಿತು. ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಇದು ಚೆನ್ನಾಗಿ ಅರ್ಥವಾಯಿತು.

ಈ ಕಥೆಯನ್ನು ಅಮ್ಮಿಗೆ ಹೇಳಿದೆ. ಅಮ್ಮಿ ನಕ್ಕು, "ಹಳ್ಳಿಯಲ್ಲಿ ನಾನು ಬುರ್ಖಾ ಹಾಕುತ್ತಿರಲಿಲ್ಲ ಬೇಟಾ. ಅಂಗಡಿಗೆ ಹೋದರೆ ಹತ್ತು ಜನ, ಯಾಕೆ ಬಂದೆ, ಎಲ್ಲಿಗೆ ಹೊರಟೆ ಅಂತ ಕೇಳೋರು. ಇಲ್ಲಿ ಬುರ್ಖಾ ಹಾಕಿಕೊಂಡರೆ ಯಾರೂ ಕೇಳಲ್ಲ. ಆರಾಮಾಗಿ ಬಜಾರ್ ಸುತ್ತಿ ಬರ್ತೀನಿ" ಎಂದರು.

ಇಷ್ಟು ವರ್ಷ ನಾನೂ ಅಮ್ಮಿಯನ್ನು ಕೇಳಿರಲಿಲ್ಲ. ಬಟ್ಟೆ ನೋಡಿ ಊಹಿಸಿಕೊಂಡಿದ್ದೆ, ಬ್ಯಾಂಕಿನವರ ಹಾಗೆಯೇ. ಅವರ ಮೇಲಿನ ನೋವು ಪೂರ್ತಿ ಹೋಗಿಲ್ಲ. ಮುಂದಿನ ಸಲ ಹೋದಾಗ ಸುಮ್ಮನೆ ನಿಲ್ಲುವುದಿಲ್ಲ. "ನಮಸ್ಕಾರ ಸರ್, ಒಂದು ಚಲನ್ ಕೊಡಿ" ಎಂದು ನಾನೇ ಮೊದಲು ಮಾತಾಡುತ್ತೇನೆ.