ಒಲೆ ಹೂಡುವುದು

"ಒಲೆ ಹೂಡಿದ್ದಾಯ್ತೇನೇ?"

ಫ್ರಾಂಕ್‌ಫರ್ಟ್‌ಗೆ ಬಂದ ಮೂರನೆಯ ದಿನ ಅಮ್ಮ ಸಾಗರದಿಂದ ಫೋನು ಮಾಡಿ ಕೇಳಿದ ಮೊದಲ ಮಾತು ಇದು. ಇಲ್ಲ ಎಂದೆ. ಹೂಡಲು ಒಲೆಯೂ ಇರಲಿಲ್ಲ, ಒಲೆ ಇಡಲು ಕಟ್ಟೆಯೂ ಇರಲಿಲ್ಲ. ನಕ್ಷೆಯಲ್ಲಿ ಅಡುಗೆಮನೆ ಎಂದು ಬರೆದಿದ್ದ ಕೋಣೆಯಲ್ಲಿ ಗೋಡೆಯಿಂದ ಹೊರಗೆ ಇಣುಕುವ ನೀರಿನ ಕೊಳವೆ, ಅದರ ಪಕ್ಕ ಒಂದು ದಪ್ಪ ವೈರು, ಹಿಂದಿನವರ ಕಪಾಟು ಇದ್ದ ಕಡೆ ಸ್ವಲ್ಪ ಬೆಳ್ಳಗೆ ಉಳಿದ ಗೋಡೆ, ಇಷ್ಟೇ.

ಜರ್ಮನಿಯಲ್ಲಿ ಬಾಡಿಗೆ ಮನೆ ಬಹಳ ಸಲ ಹೀಗೆಯೇ ಕೈಸೇರುತ್ತದೆ. ಬಿಟ್ಟುಹೋಗುವವರು ಕಪಾಟು, ಸಿಂಕು, ಒಲೆ ಎಲ್ಲ ಕಳಚಿ ತಮ್ಮೊಡನೆ ಒಯ್ಯುತ್ತಾರೆ. ದೀಪಗಳನ್ನೂ ಒಯ್ಯುತ್ತಾರೆ. ಪ್ರತಿ ಕೋಣೆಯ ಸೂರಿನಿಂದ ಮೂರು ವೈರು ಇಳಿಬಿದ್ದಿದ್ದವು: ಕಂದು, ನೀಲಿ, ಹಸಿರು-ಹಳದಿ. ಡಿಸೆಂಬರ್ ತಿಂಗಳು. ನಾಲ್ಕೂವರೆಗೆಲ್ಲ ಕತ್ತಲು. ನಾವು ಸಂಜೆಯ ಹೊತ್ತು ಬಚ್ಚಲಿನ ದೀಪ ಹಾಕಿ, ಬಾಗಿಲು ತೆರೆದಿಟ್ಟು, ಆ ಬೆಳಕು ಬಿದ್ದಷ್ಟು ಜಾಗದಲ್ಲಿ ಚಾದರ ಹಾಸಿ ಕೂರುತ್ತಿದ್ದೆವು. ರೈಸ್ ಕುಕ್ಕರ್ ನೆಲದ ಮೇಲೆ, ಪಾತ್ರೆ ತೊಳೆಯುವುದು ಮುಖ ತೊಳೆಯುವ ಬೇಸಿನ್‌ನಲ್ಲಿ.

ಆ ಖಾಲಿ ಮನೆಯಲ್ಲಿ ಕೂತಾಗ ಊರಿನ ಮನೆ ಬೇರೆಯೇ ಥರ ನೆನಪಾಯಿತು. ಅಲ್ಲಿನ ಒರಳುಕಲ್ಲು ಯಾರು ತಂದದ್ದೆಂದು ನನಗೆ ಗೊತ್ತಿಲ್ಲ. ಹಿತ್ತಾಳೆ ಹಂಡೆ, ಅಟ್ಟದ ಮೇಲಿನ ಮರಿಗೆ, ಚಾವಡಿಯ ಬೆಂಚು, ಎಲ್ಲವೂ ನಾನು ಹುಟ್ಟುವಾಗಲೇ ಅಲ್ಲಿದ್ದವು. ಅವು ನನಗಿಂತ ಹಿರಿಯವು. ನಾನೇ ಅವುಗಳ ನಡುವೆ ಬಂದು ಸೇರಿದವಳು. ಚಮಚ ಬೇಕಾದರೆ ಕೈ ತಾನಾಗಿ ಎಡಗಡೆಯ ಗೂಡಿಗೆ ಹೋಗುತ್ತಿತ್ತು. ಇಲ್ಲಿ ಚಮಚವೂ ಇಲ್ಲ, ಅದನ್ನಿಡುವ ಗೂಡೂ ಇಲ್ಲ. ಉಪ್ಪಿನ ಡಬ್ಬ ಎಲ್ಲಿರಬೇಕು ಎಂದು ಕೂಡ ಮೊದಲ ಬಾರಿ ನಾವೇ ತೀರ್ಮಾನಿಸಬೇಕಿತ್ತು. ಎರಡು ಪೆಟ್ಟಿಗೆಗಳಲ್ಲಿ, ತಲಾ 23 ಕಿಲೋ ಲೆಕ್ಕದಲ್ಲಿ, ಒಂದು ಮನೆಯ ನೆನಪು ತರಬಹುದು, ಮನೆ ತರಲಾಗುವುದಿಲ್ಲ.

ಮೊದಲು ಕೊಂಡದ್ದು ದೀಪ. ನನ್ನ ಗಂಡ ಫ್ಯೂಸ್ ಇಳಿಸಿ ಏಣಿ ಹತ್ತಿದರು, ನಾನು ಕೆಳಗಿನಿಂದ ಮೊಬೈಲ್ ಬೆಳಕು ಹಿಡಿದೆ. ಬೆರಳುಗಾತ್ರದ ಪ್ಲಾಸ್ಟಿಕ್ ಕನೆಕ್ಟರ್‌ನಲ್ಲಿ ಕಂದಿಗೆ ಕಂದು, ನೀಲಿಗೆ ನೀಲಿ ಸೇರಿಸಿ, ಸಣ್ಣ ಸ್ಕ್ರೂ ಬಿಗಿದು, ಮತ್ತೆ ಫ್ಯೂಸ್ ಏರಿಸಿದಾಗ ಇಡೀ ಕೋಣೆ ಒಮ್ಮೆಲೇ ಕಣ್ಣುಬಿಟ್ಟಿತು. ನಾವಿಬ್ಬರೂ ಏನೂ ಮಾತಾಡದೆ ಆ ಗೋಡೆಗಳನ್ನು ನೋಡುತ್ತ ನಿಂತೆವು.

ಒಲೆಗೆ ಇನ್ನೂ ಆರು ವಾರ ಕಾಯಬೇಕಾಯಿತು. ಆ ನಡುವೆ ಒಂದು ದಿನ ಇದೇ ಊರಿನ ರೋಮರ್‌ಸ್ಟಾಟ್ ಬಡಾವಣೆಯ ಎರ್ನ್ಸ್ಟ್ ಮೇ ಮನೆಗೆ ಹೋದೆವು. ಈಗ ಅದು ವಸ್ತುಸಂಗ್ರಹಾಲಯ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ರೂಪಿಸಿದ 'ಫ್ರಾಂಕ್‌ಫರ್ಟ್ ಅಡುಗೆಮನೆ' ಅಲ್ಲಿದೆ. ಇಂದು ಬೆಂಗಳೂರಿನ ಫ್ಲ್ಯಾಟುಗಳಲ್ಲೂ ಕಾಣುವ ಮಾಡ್ಯುಲರ್ ಕಿಚನ್ನಿಗೆ ಅದೇ ಮೂಲ. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಸುಮಾರು ಮೂರೂವರೆ ಮೀಟರ್. ದುಡಿಯುವ ಹೆಂಗಸು ಒಲೆಯಿಂದ ಸಿಂಕಿಗೆ, ಸಿಂಕಿನಿಂದ ಕಪಾಟಿಗೆ ಎಷ್ಟು ಹೆಜ್ಜೆ ನಡೆಯುತ್ತಾಳೆ ಎಂದು ಲೆಕ್ಕ ಹಾಕಿ, ಆ ಹೆಜ್ಜೆ ಉಳಿಸಲೆಂದೇ ಆಕೆ ಅದನ್ನು ಹೊಂದಿಸಿದ್ದಳು. ಊರಿನ ಹೊಸ ಬಡಾವಣೆಗಳಲ್ಲಿ ಸುಮಾರು ಹತ್ತು ಸಾವಿರ ಮನೆಗಳಿಗೆ ಅದನ್ನು ಜೋಡಿಸಿದರು. ಗೋಡೆಗೆ ಸಾಲಾಗಿ ಜೋಡಿಸಿದ ಅಲ್ಯೂಮಿನಿಯಂ ಡ್ರಾಯರ್‌ಗಳಿಗೆ ಹಿಡಿಯೂ ಇತ್ತು, ಸುರಿಯಲು ಮೂತಿಯೂ ಇತ್ತು. ಒಂದರ ಮೇಲೆ 'ಅಕ್ಕಿ' ಎಂದು ಜರ್ಮನ್ ಭಾಷೆಯಲ್ಲಿ ಬರೆದಿತ್ತು. ಗುರುತಿಲ್ಲದ ಆ ಅಡುಗೆಮನೆಯಲ್ಲಿ ನನಗೆ ಗುರುತಾದ ವಸ್ತು ಅದೊಂದೇ. ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ.

ಕೊನೆಗೆ ಊರು ಬಿಡುತ್ತಿದ್ದ ಒಂದು ಕುಟುಂಬದಿಂದ ಹಳೆಯ ಅಡುಗೆಮನೆಯನ್ನೇ ಕೊಂಡೆವು: ನಾಲ್ಕು ಕಪಾಟು, ಸಿಂಕು, ಗಾಜಿನ ಹಾಸಿನ ಕರೆಂಟ್ ಒಲೆ. ಪ್ರತಿ ಸ್ಕ್ರೂವನ್ನು ಪೊಟ್ಟಣ ಕಟ್ಟಿ, ಯಾವ ಬಾಗಿಲಿನದು ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ ತಂದೆವು. ಒಲೆಯ ಸಂಪರ್ಕ ತ್ರೀ-ಫೇಸ್, 400 ವೋಲ್ಟಿನದು. ಅದಕ್ಕೆ ಇಲ್ಲಿ ಎಲೆಕ್ಟ್ರಿಶಿಯನ್ನೇ ಬರಬೇಕು. ಅವರು ಹೋದ ಮರುಗಳಿಗೆಗೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಪಾತ್ರೆಗೆ ಅರಿಸಿನ-ಕುಂಕುಮ ಹಚ್ಚಿ ಹಾಲಿಟ್ಟೆ. ಕೆಂಪು ಬಳೆಯಂತೆ ಗಾಜು ಕಾದು, ಹಾಲು ನಿಧಾನವಾಗಿ ಅಂಚಿಗೇರಿ, ಉಕ್ಕಿ, ಬಿಸಿ ಗಾಜಿನ ಮೇಲೆ ಬಿದ್ದೊಡನೆ ಚರ್ರೆಂದು ಕಂದಾಯಿತು. "ಪೂರ್ವಕ್ಕೇ ಉಕ್ಕಿತು ಕಣೇ" ಎಂದು ಅಮ್ಮ ಅಲ್ಲಿಂದಲೇ ಕೈಮುಗಿದಳು.

ಅದೇ ವಾರ ಎದುರುಮನೆಯ ಅಜ್ಜಿ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡನ್ನೂ ಪುಟ್ಟ ಸೀಸೆಯಲ್ಲಿ ಉಪ್ಪನ್ನೂ ತಂದುಕೊಟ್ಟರು. ಹೊಸ ಮನೆಗೆ ಬಂದವರಿಗೆ ಅನ್ನಕ್ಕೂ ರುಚಿಗೂ ಕೊರತೆಯಾಗದಿರಲಿ ಎಂಬ ಹಾರೈಕೆ ಅದು. ಹೊಸ ಮನೆಗೆ ಮೊದಲು ಉಪ್ಪು ಒಯ್ಯಬೇಕು ಎಂದು ಅಮ್ಮನೂ ಹೇಳುತ್ತಿದ್ದಳು. ಉಪ್ಪಿನ ಜಾಗ ಎಲ್ಲಿ ಎಂಬುದು ಅಂದು ತೀರ್ಮಾನವಾಯಿತು: ಒಲೆಯ ಬಲಕ್ಕೆ, ಕಿಟಕಿಯ ಕೆಳಗೆ. ಇಂದಿಗೂ ಅಲ್ಲಿಯೇ ಇದೆ.

ಊಟದ ಮೇಜು ಸಿಕ್ಕಿದ್ದು ಮೈನ್ ನದಿಯ ದಂಡೆಯ ಶನಿವಾರದ ಹಳೆಸಾಮಾನಿನ ಸಂತೆಯಲ್ಲಿ. ಬೀಚ್ ಮರದ್ದು, 25 ಯೂರೋ. ಐಸರ್ನರ್ ಸ್ಟೆಗ್ ಎಂಬ ಕಬ್ಬಿಣದ ಕಾಲುಸೇತುವೆಯ ಮೇಲೆ ಗಂಡ ಮುಂದೆ, ನಾನು ಹಿಂದೆ ಹಿಡಿದು ತಂದೆವು. ಮನೆಗೆ ಬಂದು ಮಗುಚಿ ಒರೆಸುವಾಗ ಹಲಗೆಯ ಅಡಿಯಲ್ಲಿ ಮಗುವೊಂದು ಪೆನ್ಸಿಲಿನಿಂದ ಗೀಚಿದ ಸೂರ್ಯ ಕಂಡಿತು. ಅದನ್ನು ಅಳಿಸಲಿಲ್ಲ.

ಕನ್ನಡದಲ್ಲಿ ಒಲೆಯನ್ನೂ ಹೂಡುತ್ತೇವೆ, ಸಂಸಾರವನ್ನೂ ಹೂಡುತ್ತೇವೆ, ನೇಗಿಲನ್ನೂ ಹೂಡುತ್ತೇವೆ. ಹೂಡುವುದೆಂದರೆ ಒಂದು ದಿನದ ಕೆಲಸವಲ್ಲ. ಮುಂದಿನ ಬೆಳೆಗಾಗಿ ಮಾಡುವ ಶುರು. ಆ ಚಳಿಗಾಲದಲ್ಲಿ ಇದು ನನಗೆ ಗೊತ್ತಿರಲಿಲ್ಲ, ಸಾಮಾನು ಕೊಳ್ಳುತ್ತಿದ್ದೇವೆ ಎಂದುಕೊಂಡಿದ್ದೆ.

ಮಗಳಿಗೆ ಈಗ ನಾಲ್ಕು ವರ್ಷ. ಮೊನ್ನೆ ಮೇಜಿನ ಕೆಳಗೆ ಆಡುತ್ತ ಮಲಗಿದ್ದವಳು, "ಅಮ್ಮಾ, ಈ ಸೂರ್ಯನ್ನ ನೀನು ಚಿಕ್ಕವಳಿದ್ದಾಗ ಬರೆದಿದ್ದಾ?" ಎಂದು ಕೇಳಿದಳು. ಅವಳ ಪಾಲಿಗೆ ಆ ಮೇಜು ಮೊದಲಿನಿಂದಲೂ ಇಲ್ಲೇ ಇದೆ.